ಹಸುವಿನ ಮುಖವನ್ನು ಕೊನೆಗೆ ನೋಡುತ್ತಿದ್ದವರು

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಇದು ಅಂದಾಜಲ್ಲ. ಪ್ರತಿ ಹಸುವಿನ ಹಾಳೆಯ ನೆತ್ತಿಯಲ್ಲಿ ಸಮಯ ಬರೆಯುವುದು ನನ್ನ ಕೆಲಸ. ಆ ಹಸುವಿನ ಹಾಳೆಯ ಮೇಲೆ ನನ್ನದೇ ಅಕ್ಷರದಲ್ಲಿ ಎಂಟು ಹತ್ತು ಎಂದಿದೆ. ಅದರ ಕೆಳಗೆ ಹದಿನೇಳು ಸಾಲು. ಹದಿಮೂರು ನೆಟ್ಟಗೆ ತುಂಬಿವೆ. ಹದಿನಾಲ್ಕನೆಯದರಲ್ಲಿ ಪೆನ್ನಿನ ಒಂದು ಗೀಟು ಕಾಗದದ ಅಂಚಿನವರೆಗೆ ಎಳೆದುಕೊಂಡು ಹೋಗಿದೆ.

ನಜಫ್‌ಗಢದ ಆಚೆ, ದೆಹಲಿ ಮುಗಿದು ಹರಿಯಾಣ ಶುರುವಾಗುವ ಕಡೆ ಒಂದು ಹಳ್ಳಿ. ಜನವರಿ. ನಾಲ್ಕು ದಿನ ಮಂಜು ಕವಿದು ಅವತ್ತು ಬಿಸಿಲು ಬಂದಿತ್ತು. ಬೇವಿನ ಮರಕ್ಕೆ ಒಂದು ಕಪ್ಪು ಬಿಳುಪು ಹಸು ಕಟ್ಟಿದ್ದರು. ನಮ್ಮ ಆಫೀಸಿನ ಮೇಡಂ ಅದನ್ನು ನೋಡಿ, ಅದರ ಮೈಕಟ್ಟಿಗೆ ಒಂದೊಂದೇ ಅಂಕ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಹಿಂಗಾಲಿನ ಬಾಗು ತಿಳಿಯಬೇಕಾದರೆ ಇಡೀ ಹಸು ಒಂದೇ ನೋಟಕ್ಕೆ ಸಿಗಬೇಕು. ಅದಕ್ಕಾಗಿ ಅವರು ಹಸುವಿನಿಂದ ಕಣ್ಣು ಕೀಳದೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋಗುತ್ತಿದ್ದರು. ಇಪ್ಪತ್ತೈದು ವರ್ಷದ ಅಭ್ಯಾಸ. ಆ ಹೊತ್ತಿನಲ್ಲಿ ಅವರ ಹಿಂದೆ ಏನಿದೆ ಎಂದು ನೋಡುವುದೂ ನನ್ನ ಕೆಲಸವೇ. "ನಾನು ಹಸು ನೋಡ್ತೀನಿ, ನೀನು ನನ್ನ ಬೆನ್ನು ನೋಡು" ಎಂದು ಮೊದಲ ದಿನವೇ ಹೇಳಿದ್ದರು. ಗೂಟ, ಗುಂಡಿ, ನೀರಿನ ತೊಟ್ಟಿ, ಮಲಗಿದ ನಾಯಿ, ಏನಿದ್ದರೂ ನಾನು "ನಿಲ್ಲಿ ಮೇಡಂ" ಎನ್ನಬೇಕು.

ಅವರ ಹಿಂದೆ ಆಳೆತ್ತರದ ಬೆರಣಿಯ ರಾಶಿ ಇತ್ತು. ರಾಶಿಯ ಮರೆಯಲ್ಲಿ ಆ ಮನೆಯ ಹೋರಿ. ಪಾಪ, ಬಿಸಿಲು ಕಾಯಿಸಲಿ ಎಂದು ಮನೆಯವರು ಅವತ್ತು ಅದರ ಹಗ್ಗ ಉದ್ದ ಬಿಟ್ಟಿದ್ದರು. ನಾನು ಕಾಗದ ನೋಡುತ್ತಿದ್ದೆ. ತಲೆ ಎತ್ತಿದಾಗ ಮೇಡಂ ರಾಶಿಯ ಅಂಚು ದಾಟಿದ್ದರು. ಹೋರಿ ತಲೆ ತಗ್ಗಿಸಿತ್ತು.

ಕೂಗಬೇಕಿತ್ತು. ಕೂಗಲಿಲ್ಲ. ಹೋರಿ ಸಿನಿಮಾದಲ್ಲಿ ತೋರಿಸುವ ಹಾಗೆ ಎತ್ತಿ ಎಸೆಯಲಿಲ್ಲ. ಹಣೆ ಕೊಟ್ಟು ಅವರನ್ನು ರಾಶಿಗೆ ಒತ್ತಿ ಹಿಡಿಯಿತು. ಬೆರಣಿಗಳು ಒಂದೊಂದಾಗಿ ಅವರ ತಲೆಯ ಮೇಲೆ ಉರುಳಿದವು. ಓಡಿ ಬಂದದ್ದು ಆ ಮನೆಯ ಹೆಂಗಸು. ಮಂಚದ ಮೇಲೆ ಬಿಸಿಲಿಗೆ ಹರಡಿದ್ದ ರಜಾಯಿಯನ್ನು ಎಳೆದು ಹೋರಿಯ ತಲೆಯ ಮೇಲೆ ಹಾಕಿಬಿಟ್ಟಳು. ಕಣ್ಣು ಮುಚ್ಚಿಹೋದ ಹೋರಿ ಕಂಬದ ಹಾಗೆ ನಿಂತಿತು. ಆಕೆ ಮೂಗುದಾರ ಹಿಡಿದು ಅದನ್ನು ಹಿಂದಕ್ಕೆ ಎಳೆದಳು. ಅಷ್ಟೂ ಹೊತ್ತು ನಾನು ಪೆನ್ನು ಹಿಡಿದುಕೊಂಡು ನಿಂತಿದ್ದೆ.

ಅದೇ ಮಂಚದ ಮೇಲೆ ಮಲಗಿಸಿದಾಗ ಮೇಡಂ ಆಡಿದ ಮೊದಲ ಮಾತು ಇದು: "ಹಿಂಗಾಲು, ಆರು. ಬರ್ಕೊಂಡ್ಯಾ?"

ಜೀಪಿನಲ್ಲಿ ಆಸ್ಪತ್ರೆಗೆ ಹೋಗುವಾಗ ಆ ಗೀಟಿನ ಮೇಲೆ ಸೊಟ್ಟಗೆ ಆರು ಎಂದು ಬರೆದೆ. ಮೂರು ಪಕ್ಕೆಲುಬು ಮುರಿದಿದ್ದವು, ಎಡತೊಡೆಯ ಮೂಳೆ ಎರಡು ಕಡೆ.

ಹೆದರಬೇಡಿ, ಇದು ಶ್ರದ್ಧಾಂಜಲಿಯಲ್ಲ. ಕಳೆದ ವಾರ ಆಫೀಸಿನಲ್ಲಿ ಅವರ ನಿವೃತ್ತಿಯ ಚಹಾಕೂಟವಾಯಿತು. ಕೋಲೂರಿಕೊಂಡು ಬಂದು ಎರಡು ಸಮೋಸಾ ತಿಂದು, ಮೂರನೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ನನ್ನನ್ನು ಎರಡು ಮಾತಾಡಲು ಎಬ್ಬಿಸಿದರು. ಎದ್ದು ನಿಂತೆ. ಬೇವಿನ ಮರ, ಹಗ್ಗ, ರಾಶಿ ಎಲ್ಲ ಕಣ್ಣ ಮುಂದೆ ಬಂದವು. "ಥ್ಯಾಂಕ್ ಯೂ ಮೇಡಂ" ಎಂದು ಕೂತುಬಿಟ್ಟೆ. ಅವತ್ತು ಹೇಳಲಾಗದೆ ಉಳಿದದ್ದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಹಾಳೆಯಲ್ಲಿ ಹಸುವಿನ ನಂಬರ್ ಇರಲಿ, ಯಜಮಾನನ ಹೆಸರು ಬೇಡ, ಹೆಸರು ಕಂಡರೆ ಕೈ ವಾಲುತ್ತದೆ ಎನ್ನುತ್ತಿದ್ದವರು ಅವರು.

ನಮ್ಮದು ಏನು ಕೆಲಸ ಎಂದು ದೆಹಲಿಯ ಪೀತಮ್‌ಪುರದ ನಮ್ಮ ಗಲ್ಲಿಯಲ್ಲಿ ಯಾರಿಗೂ ಇವತ್ತಿಗೂ ಅರ್ಥವಾಗಿಲ್ಲ. ಹಸುಗಳಿಗೆ ಮಾರ್ಕ್ಸ್ ಕೊಡುವ ಕೆಲಸ ಎಂದರೆ ನಗುತ್ತಾರೆ. ಆದರೆ ಅದು ಅಷ್ಟೇ. ಒಂದು ಹೋರಿಯಿಂದ ತಳಿ ಬೆಳೆಸಬಹುದೋ ಬಾರದೋ ಎನ್ನುವುದು ಹೋರಿಯನ್ನು ನೋಡಿದರೆ ಗೊತ್ತಾಗುವುದಿಲ್ಲ. ಅದರ ಹೆಣ್ಣುಮಕ್ಕಳು ದೊಡ್ಡವಾಗಿ, ಮೊದಲ ಕರು ಹಾಕಿ, ಹಾಲು ಕೊಡುವಾಗ ಹೋಗಿ ನೋಡಬೇಕು. ಹಾಲಿನ ಲೆಕ್ಕ ಬೇರೆಯವರದು. ಮೈಕಟ್ಟು ನಮ್ಮದು. ಎತ್ತರ, ಎದೆಯ ಅಗಲ, ಸೊಂಟದ ಇಳಿಜಾರು, ಹಿಂಗಾಲು, ಗೊರಸು, ಕೆಚ್ಚಲು ಎಷ್ಟು ಮೇಲೆ ಅಂಟಿದೆ, ಎಷ್ಟು ಕೆಳಗೆ ಜೋತಿದೆ, ಮೊಲೆಗಳು ಎಲ್ಲಿವೆ, ಹೀಗೆ ಪ್ರತಿಯೊಂದಕ್ಕೂ ಒಂದರಿಂದ ಒಂಬತ್ತರೊಳಗೆ ಒಂದು ಅಂಕ. ಕೆಚ್ಚಲು ತುಂಬಿರುವಾಗಲೇ ನೋಡಬೇಕಾದ್ದರಿಂದ ಬೆಳಗಿನ ಹಾಲು ಕರೆಯುವ ಮೊದಲೇ ಹಳ್ಳಿ ಸೇರಬೇಕು.

ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಖಾಲಿ ಕೂತಿದ್ದವನು ಅಪ್ಪ ಕತ್ತರಿಸಿ ಕೊಟ್ಟ ಜಾಹೀರಾತು ಹಿಡಿದು ಹೋಗಿದ್ದೆ. ಗುತ್ತಿಗೆಯ ಕೆಲಸ. ನನ್ನ ಸರ್ಟಿಫಿಕೇಟುಗಳನ್ನು ಮೇಡಂ ತೆರೆದೇ ನೋಡಲಿಲ್ಲ.

"ಮನೇಲಿ ಯಾವ ಭಾಷೆ?"

"ಕನ್ನಡ ಮೇಡಂ. ಮತ್ಲಬ್, ಅಪ್ಪ ಅಮ್ಮ ಕನ್ನಡ, ನಾನು ಮಿಕ್ಸ್."

"ಒಂದರಿಂದ ಒಂಬತ್ತರ ತನಕ ಹೇಳು."

ಹೇಳಿದೆ.

"ಈಗ ಉಲ್ಟಾ."

ಆರರ ಹತ್ತಿರ ಒಮ್ಮೆ ಮುಗ್ಗರಿಸಿದೆ. "ಪರವಾಗಿಲ್ಲ, ನಮಗೆ ಹತ್ತು ಬೇಕಾಗೋದೇ ಇಲ್ಲ" ಎಂದರು. "ನಾಳೆ ಐದು ಗಂಟೆಗೆ ಜೀಪು. ಟೋಪಿ ಹಾಕ್ಕೊಂಡು ಬಾ, ಇಲ್ದಿದ್ರೆ ನಿನ್ನ ಕಿವಿ ಝಜ್ಜರ್ ರೋಡಲ್ಲೇ ಬಿದ್ದುಹೋಗುತ್ತೆ."

ಏಕೆ ಕನ್ನಡ ಎಂದು ಮರುದಿನ ತಿಳಿಯಿತು. ಹಸುವಿನ ಯಜಮಾನ ಪಕ್ಕದಲ್ಲೇ ನಿಂತಿರುತ್ತಾನೆ. ಹಿಂದಿಯಲ್ಲಿ ಮೂರು ಎಂದರೆ ಅವನ ಮುಖ ಬಾಡುತ್ತದೆ, ನಾಲ್ಕು ಮಾಡಿ ಎಂದು ಕೈ ಮುಗಿಯುತ್ತಾನೆ. ಇಂಗ್ಲಿಷ್ ಅಂಕಿ ಅವನ ಮೊಮ್ಮಕ್ಕಳಿಗೂ ಬರುತ್ತದೆ. ಆದ್ದರಿಂದ ಮೇಡಂ ಅಂಕ ಹೇಳುತ್ತಿದ್ದದ್ದು ಕನ್ನಡದಲ್ಲಿ. ಹರಿಯಾಣದ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ, ಹೆಪ್ಪುಗಟ್ಟುವ ಚಳಿಯಲ್ಲಿ, ಹಾಸನದ ಕಡೆಯ ರಾಗದಲ್ಲಿ "ಐದು... ನಾಲ್ಕು... ಮತ್ತೆ ಐದು... ಏಳು" ಎಂದು ಕೇಳುವುದೇ ಒಂದು ಮಜಾ.

ಆದರೂ ಒಬ್ಬ ಮುದುಕ ಕಳ್ಳತನದಲ್ಲಿ ಕನ್ನಡ ಕಲಿತುಬಿಟ್ಟ. ಊರಿನವರೆಲ್ಲ ಅವನನ್ನು ತಾಊ, ಅಂದರೆ ದೊಡ್ಡಪ್ಪ, ಎಂದು ಕರೆಯುತ್ತಿದ್ದರು. ಅವನ ಮನೆಯಲ್ಲಿ ಒಂದೇ ಹೋರಿಯ ಮೂರು ಹೆಣ್ಣುಮಕ್ಕಳಿದ್ದವು. ಎರಡನೆಯ ಹಸುವಿನ ಹೊತ್ತಿಗೆ ಬೆರಳಲ್ಲಿ ಎಣಿಸಿ, ಯಾರನ್ನೋ ಕೇಳಿ, ಎಂಟು ಎಂದರೆ ಆಠ್ ಎಂದು ಪತ್ತೆ ಹಚ್ಚಿದ್ದ. ಮೂರನೆಯದರ ಹಿಂಗಾಲಿಗೆ ಮೇಡಂ "ಎಂಟು" ಎಂದರು. ಮುದುಕ ಕುಣಿದಾಡಿಬಿಟ್ಟ. "ಅರೇ ಬಹೂ, ಲಸ್ಸಿ ಲಾ! ಮ್ಹಾರೀ ಛೋರೀ ಆಠ್ ನಂಬರ್ ಸೇ ಪಾಸ್ ಹೋಗೀ!" ನಮ್ಮ ಹುಡುಗಿ ಎಂಟು ನಂಬರಿನಲ್ಲಿ ಪಾಸಾದಳು, ಲಸ್ಸಿ ತಾ ಎಂದು ಸೊಸೆಯನ್ನು ಕೂಗಿದ.

ಹಿಂಗಾಲಿಗೆ ಎಂಟು ಬಂದರೆ ಕಾಲು ಕುಡುಗೋಲಿನ ಹಾಗೆ ಬಾಗಿದೆ ಎಂದರ್ಥ. ಅಲ್ಲಿ ಚೆನ್ನಾಗಿರುವುದು ಐದು. ನಾನು ನಗು ತಡೆಯಲು ಕೆಮ್ಮಿದೆ. ಮೇಡಂ ನನ್ನನ್ನು ಕಣ್ಣಲ್ಲೇ ಗದರಿ, ಲಸ್ಸಿ ಕುಡಿದು, ಲೋಟ ಕೆಳಗಿಟ್ಟು, ಮುದುಕನನ್ನು ಪಕ್ಕಕ್ಕೆ ಕರೆದು ಎಲ್ಲ ಬಿಡಿಸಿ ಹೇಳಿದರು. ಕಾಲು ಹೀಗಿದ್ದರೆ ಐದನೇ ಕರುವಿನ ಹೊತ್ತಿಗೆ ಕುಂಟುತ್ತದೆ, ನೆಲಕ್ಕೆ ಮಣ್ಣು ಹಾಕು, ಇಟ್ಟಿಗೆಯ ಮೇಲೆ ನಿಲ್ಲಿಸಬೇಡ ಎಂದರು. ಮುದುಕ ಪೆಚ್ಚಾದ. ಆಮೇಲೆ, "ಲಸ್ಸಿ ವಾಪಸ್ ಕೊಡ್ತೀರಾ ಮೈಡಮ್?" ಎಂದು ತನ್ನ ಭಾಷೆಯಲ್ಲಿ ಕೇಳಿ ತಾನೇ ನಕ್ಕ. ಮುಂದಿನ ವರ್ಷ ಹೋದಾಗ ಆ ಕೊಟ್ಟಿಗೆಯಲ್ಲಿ ಮಣ್ಣಿನ ನೆಲವಿತ್ತು.

ಅವರು ಹಸುವಿನ ಮುಖವನ್ನು ಮೊದಲು ನೋಡುತ್ತಿರಲಿಲ್ಲ. ಕೊಟ್ಟಿಗೆಗೆ ಹಿಂದಿನಿಂದ ಹೋಗುವರು. ಬಾಲದ ಬುಡ, ಕೆಚ್ಚಲಿನ ಹಿಂಭಾಗ, ಕಾಲು, ಆಮೇಲೆ ಪಕ್ಕ. ಹದಿನೇಳೂ ಅಂಕ ಮುಗಿದ ಮೇಲೆಯೇ ಮುಂದೆ ಹೋಗಿ, ಗಂಗೆದೊಗಲು ತುರಿಸಿ, "ಏನಮ್ಮಾ ನಿನ್ನ ಹೆಸರು?" ಎಂದು ಕನ್ನಡದಲ್ಲಿ ಕೇಳುವರು. ಮೊದಲು ಏಕೆ ಮಾತಾಡಿಸುವುದಿಲ್ಲ ಎಂದು ಕೇಳಿದ್ದೆ.

"ಅಯ್ಯೋ, ಆ ಕಣ್ಣು ನೋಡಿದ್ರೆ ಮುಗೀತು ಮರಿ. ಎಲ್ಲಾದಕ್ಕೂ ಏಳು ಹಾಕೋಣ ಅನ್ಸುತ್ತೆ."

ಎತ್ತರ ಅಳೆಯಲು ಆಫೀಸು ಕೊಟ್ಟ ಕೋಲಿತ್ತು. ಜೀಪಿನಲ್ಲೇ ಇರುತ್ತಿತ್ತು. ಅವರ ಅಳತೆಗೋಲು ತಾವೇ ಹೆಣೆದ ಕಂದು ಸ್ವೆಟರು. ಹಸುವಿನ ಸೊಂಟದ ಮೂಳೆ ಎರಡನೇ ಗುಂಡಿಯ ಮಟ್ಟಕ್ಕೆ ಬಂದರೆ ಐದು. ಒಂದು ದಿನ ನಂಬದೆ ಕೋಲು ಹಿಡಿದು ನೋಡಿದೆ. ಸರಿಯಾಗಿತ್ತು. "ಹೊಸ ಸ್ವೆಟರ್ ಹಾಕ್ಕೊಂಡ್ರೆ ಏನ್ ಮಾಡ್ತೀರಾ ಮೇಡಂ?" ಎಂದೆ. "ಗುಂಡಿ ಅಲ್ಲೇ ಹೊಲ್ಕೋತೀನಿ" ಎಂದರು.

ಅವರಿಗೆ ಸಿಟ್ಟು ಬಂದದ್ದನ್ನು ಒಂದೇ ಸಲ ನೋಡಿದ್ದೇನೆ. ಒಬ್ಬ ಯಜಮಾನ ಕೊಂಬಿಗೆ ಎಣ್ಣೆ ಹಚ್ಚಿ, ಬಾಲ ಬಾಚಿ, ಹಸುವನ್ನು ಮದುಮಗಳ ಹಾಗೆ ನಿಲ್ಲಿಸಿದ್ದ. ಕೆಚ್ಚಲು ಗಡಿಗೆಯಷ್ಟಿತ್ತು. ಮೇಡಂ ಹಿಂದೆ ನಿಂತು ನೋಡಿದರು, ಅಂಕ ಹೇಳಲಿಲ್ಲ. ಹಸು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇತ್ತು. ಹಿಂದಿನ ಸಂಜೆ ಹಾಲು ಕರೆದಿರಲಿಲ್ಲ. ಕೆಚ್ಚಲು ದೊಡ್ಡದಾಗಿ ಕಾಣಲಿ ಎಂದು ಹಾಗೇ ಬಿಟ್ಟಿದ್ದ. "ಬಕೆಟ್ ತಗೊಂಡ್ ಬಾ" ಎಂದು ಹಿಂದಿಯಲ್ಲಿ ಗುಡುಗಿದರು. ಸ್ವೆಟರಿನ ತೋಳು ಮಡಚಿ ತಾವೇ ಕೂತು ಕರೆದರು. ಎದ್ದು ನನಗೆ ಹೇಳಿದರು: "ಖಾಲಿ ಬಿಡು ಹಾಳೆ. ಮುಂದಿನ ವಾರ ಬರೋಣ." ಜೀಪಿನಲ್ಲಿ, "ಒಂದು ಹೋರಿಗೆ ಎಷ್ಟು ಊರಲ್ಲಿ ಹೆಣ್ಣು ಹುಟ್ತವೆ ಗೊತ್ತಾ? ನಾನು ಇಲ್ಲಿ ದಾಕ್ಷಿಣ್ಯಕ್ಕೆ ಬಿದ್ರೆ ಅವೆಲ್ಲ ನೆಲಕ್ಕೆ ತಾಗೋ ಕೆಚ್ಚಲು ಹೊತ್ಕೊಂಡು ಓಡಾಡ್ಬೇಕು" ಎಂದರು.

ಹಸುವಿಲ್ಲದ ಕಡೆಯೂ ಅವರ ಕಣ್ಣು ಸುಮ್ಮನಿರುತ್ತಿರಲಿಲ್ಲ. ಕನ್ನಡದವರ ಯುಗಾದಿ ಊಟದಲ್ಲಿ ನಮ್ಮಪ್ಪ ಬಡಿಸುತ್ತಾ ಓಡಾಡುವುದನ್ನು ಹಿಂದಿನಿಂದ ನೋಡಿ, "ನಿಮ್ಮಪ್ಪ ಬಲಗಾಲಿನ ಹೊರ ಅಂಚಿನ ಮೇಲೆ ನಡೀತಾರೆ, ಮಂಡಿ ನೋವಿರ್ಬೇಕು, ಚಪ್ಪಲಿ ಬದಲಾಯ್ಸು" ಎಂದರು. ಮನೆಗೆ ಬಂದು ನೋಡಿದರೆ ಬಲ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದು ಓರೆಯಾಗಿತ್ತು. ಹೊಸದು ತಂದೆ. ಒಂದು ತಿಂಗಳಲ್ಲಿ ಅಪ್ಪ ಮೆಟ್ರೋ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತತೊಡಗಿದರು. ಅಮ್ಮ ಮಾತ್ರ, "ಆಯಮ್ಮ ನಿಮಗೆ ಎಷ್ಟು ಅಂಕ ಕೊಟ್ರಂತೆ?" ಎಂದು ರೇಗಿಸುವುದನ್ನು ಬಿಟ್ಟಿಲ್ಲ.

ಇಂಥವರು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ, ಕಾಲಿಗೆ ಕಬ್ಬಿಣದ ಸರಳು ಹಾಕಿಸಿಕೊಂಡು, ಚಾವಣಿ ನೋಡುತ್ತಾ ಮಲಗಿದ್ದರು. ಅವರ ಯಜಮಾನರು ಸೈನ್ಯದಿಂದ ನಿವೃತ್ತರಾದ ಸುಬೇದಾರರು, ಕಾಫಿ ಮಾಡುವುದರಲ್ಲಿ ಎತ್ತಿದ ಕೈ. "ಮೂವತ್ತು ವರ್ಷ ಫೌಜಲ್ಲಿದ್ದೆ, ಮೈಮೇಲೆ ಒಂದು ಗೀರಿಲ್ಲ. ಇವಳು ನೋಡು, ಹಸು ನೋಡೋಕೆ ಹೋಗಿ ಮೆಡಲ್ ಹಾಕ್ಸ್ಕೊಂಡು ಬಂದಿದಾಳೆ" ಎಂದು ಬಂದವರಿಗೆಲ್ಲ ಹೇಳುವರು. ಎಲ್ಲರೂ ನಗುವರು. ಮೇಡಂ ಪಕ್ಕೆ ಹಿಡಿದುಕೊಂಡು, "ನಗಿಸ್ಬೇಡಿ ರೀ, ನೋಯುತ್ತೆ" ಎನ್ನುವರು. ನನಗೆ ನಗು ಬರುತ್ತಿರಲಿಲ್ಲ. ಅವರು ಮತ್ತೆ ನಡೆಯುತ್ತಾರೋ ಇಲ್ಲವೋ ಎಂದು ಡಾಕ್ಟರು ಇನ್ನೂ ಖಚಿತವಾಗಿ ಹೇಳಿರಲಿಲ್ಲ.

ಆಮೇಲೆ ನಡೆದರು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ತಿಂಗಳ ನಂತರ ವಾಕರ್ ಹಿಡಿದು ಮೊದಲ ಸಲ ಬಾಗಿಲವರೆಗೆ ಹೋದ ದಿನ ನಾನು ಅಲ್ಲಿದ್ದೆ. ತಿರುಗಿ ನೋಡದೆಯೇ ಕೇಳಿದರು:

"ಹಿಂದಿನಿಂದ ನೋಡ್ತಿದೀಯಲ್ಲ? ನಡಿಗೆಗೆ ಎಷ್ಟು?"

"ಮೂರು ಮೇಡಂ."

"ಭೇಷ್. ಐದು ಅಂದಿದ್ರೆ ಒದೀತಿದ್ದೆ."

"ಯಾವ ಕಾಲಲ್ಲಿ ಒದೀತಿದ್ದೆ?" ಎಂದು ಒಳಗಿನಿಂದ ಸುಬೇದಾರರು ಕೂಗಿದರು.

ಆದರೆ ಅದಕ್ಕೂ ಮೊದಲು, ಅಪಘಾತವಾದ ಮೇಲಿನ ಮೂರು ವಾರ ನಾನು ಸರಿಯಾಗಿ ಮಲಗಲಿಲ್ಲ. ಮಲಗಿದರೆ ಎಂಟು ಹತ್ತಾಗುತ್ತಿತ್ತು. ಹಸು, ರಾಶಿ, ತಗ್ಗಿದ ತಲೆ. ಪ್ರತಿ ಸಲ ಈ ಸಾರಿಯಾದರೂ ಕೂಗುತ್ತೇನೆ ಎಂದುಕೊಳ್ಳುವೆ, ಬಾಯಿ ತೆರೆಯುತ್ತಿರಲಿಲ್ಲ. ಅದೆಲ್ಲ ಟೀವಿಯ ಸದ್ದು ತೆಗೆದ ಹಾಗೆ, ಒಂದು ಶಬ್ದವೂ ಇಲ್ಲದೆ ನಡೆಯುತ್ತಿತ್ತು. ನಾನು ಯಾಕೆ ಕಾಗದ ನೋಡುತ್ತಿದ್ದೆ? ಎಷ್ಟು ಯೋಚಿಸಿದರೂ ನೆನಪಾಗುತ್ತಿರಲಿಲ್ಲ. ಬೀದಿಯಲ್ಲಿ ಕಟ್ಟಿದ ಎಮ್ಮೆ ಕಂಡರೂ ಆಚೆಯ ಫುಟ್‌ಪಾತಿಗೆ ಹೋಗುತ್ತಿದ್ದೆ. "ನಿಂದೇನೂ ತಪ್ಪಿಲ್ಲ ಬಿಡೋ" ಎಂದು ಅಮ್ಮ ಹೇಳಿದಳು. ಜೀಪಿನ ಡ್ರೈವರ್ ಭಯ್ಯಾ, "ಹೋನೀ ಥೀ, ಹೋ ಗಯೀ", ಆಗಬೇಕಾದದ್ದು ಆಯಿತು, ಎಂದ. ಎಲ್ಲರೂ ತಪ್ಪೇ ಇಲ್ಲ ಎನ್ನುತ್ತಿದ್ದರು. ಅಲ್ಲಿ ನಿಂತಿದ್ದವನು ನಾನು, ಆ ಮಾತು ನಂಬಲು ನನ್ನಿಂದಾಗುತ್ತಿರಲಿಲ್ಲ.

ಅಷ್ಟರಲ್ಲಿ ಆಫೀಸಿನಿಂದ ಕಾಗದ ಬಂತು. ಅಪಘಾತ ಹೇಗಾಯಿತೆಂದು ಮೇಡಂ ಲಿಖಿತ ಹೇಳಿಕೆ ಕೊಡಬೇಕು, ನಾನು ಸಾಕ್ಷಿಯಾಗಿ ಸಹಿ ಹಾಕಬೇಕು. ನನ್ನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಎನ್ನುವುದು ಆ ಹೇಳಿಕೆ ನೋಡಿದ ಮೇಲೆ. ನಾನು ಮೊದಲೇ ಮನೆಯಲ್ಲಿ ಕೂತು ನನ್ನದೊಂದು ಬರೆದಿದ್ದೆ. ಎಲ್ಲವೂ ನನ್ನ ಅಜಾಗರೂಕತೆಯಿಂದ ಆದದ್ದು ಎಂದು ಒಂದೂವರೆ ಪುಟ. ಅದನ್ನು ತೆಗೆದುಕೊಂಡು ಶನಿವಾರ ಮಧ್ಯಾಹ್ನ ಕಿದ್ವಾಯಿ ನಗರಕ್ಕೆ ಹೋದೆ.

ಮೇಡಂ ಕನ್ನಡಕ ಹಾಕಿಕೊಂಡು ಓದಿ, ಮಡಚಿ, ದಿಂಬಿನ ಕೆಳಗೆ ಇಟ್ಟರು. "ಚೆನ್ನಾಗಿ ಅತ್ತಿದೀಯ. ಈಗ ಬೇರೆ ಕಾಗದ ತಗೋ. ನಂಗೆ ಕೂತ್ಕೊಂಡು ಬರಿಯೋಕಾಗಲ್ಲ, ನಾನು ಹೇಳ್ತೀನಿ, ನೀನು ಬರ್ಕೋ."

ಎಂದಿನ ಹಾಗೆ ಅವರು ಹೇಳಿದರು, ನಾನು ಬರೆದೆ.

"ಒಂದು. ಹಟ್ಟಿಗೆ ಕಾಲಿಟ್ಟ ಕೂಡಲೇ ಹೋರಿ ಎಲ್ಲಿದೆ ಅಂತ ಕೇಳ್ಬೇಕು. ನಾನು ಕೇಳ್ಲಿಲ್ಲ. ಎರಡು. ಹಗ್ಗ ಉದ್ದ ಬಿಟ್ಟಿದ್ದನ್ನ ಮನೆಯವರು ಹೇಳ್ಬೇಕಿತ್ತು. ಹೇಳ್ಲಿಲ್ಲ. ಆದ್ರೆ ಜೀವ ಉಳಿಸಿದ್ದು ಆ ಮನೆಯ ಹೆಂಗಸು. ಅದನ್ನೂ ಬರಿ. ಮೂರು. ನಾನು ಹಿಂದಕ್ಕೆ ಹೋಗುವಾಗ ಬೆನ್ನು ಕಾಯೋದು ಬರೆಯುವವನ ಕೆಲಸ. ಅವನು ನೋಡ್ಲಿಲ್ಲ."

ನನ್ನ ಪೆನ್ನು ನಿಂತಿತು.

"ನಿಲ್ಲಿಸ್ಬೇಡ. ನಿಜ ತಾನೇ? ಬರಿ."

ಬರೆದೆ.

"ನಾಲ್ಕು. ಅದೇ ಹೊತ್ತಿಗೆ ನಾನು ಅವನನ್ನ ಕೇಳ್ದೆ, ಕೆಚ್ಚಲಿನ ಆಳಕ್ಕೆ ಎಷ್ಟು ಹೇಳಿದ್ದೆ ಅಂತ. ಕಾಗದ ನೋಡದೆ ಅದಕ್ಕೆ ಉತ್ತರ ಕೊಡೋಕಾಗಲ್ಲ. ನಡೀತಾ ಇರುವಾಗ ಪ್ರಶ್ನೆ ಕೇಳಬಾರದು. ನಾನು ಕೇಳ್ದೆ."

"ಮೇಡಂ, ನೀವೇನೂ ಕೇಳ್ಲಿಲ್ಲ" ಎಂದೆ. ನನ್ನನ್ನು ಉಳಿಸಲು ಹೇಳುತ್ತಿದ್ದಾರೆ ಅನಿಸಿತು. "ನಂಗೋಸ್ಕರ ಸುಳ್ಳು ಬರೆಸ್ಬೇಡಿ."

ಅವರ ಮುಖ ಕೆಂಪಾಯಿತು. "ಏನೋ? ನಾನು ಯಾವತ್ತಾದ್ರೂ ಯಾರಿಗಾದ್ರೂ ಇಲ್ಲದ ಅಂಕ ಕೊಟ್ಟಿದ್ದು ನೋಡಿದೀಯಾ? ಆ ಹಾಳೆ ತೆಗಿ."

ಹಾಳೆ ಬ್ಯಾಗಿನಲ್ಲೇ ಇತ್ತು. ಮೂರು ವಾರದಿಂದ ಹೊತ್ತುಕೊಂಡು ತಿರುಗುತ್ತಿದ್ದೆ. ನೆತ್ತಿಯ ಸಮಯ ಮತ್ತು ಆ ಗೀಟು, ಇವೆರಡನ್ನು ಬಿಟ್ಟು ಬೇರೇನನ್ನೂ ಅದರಲ್ಲಿ ನೋಡಿರಲಿಲ್ಲ. ಮೇಡಂ ಎಂಟನೆಯ ಸಾಲಿನ ಮೇಲೆ ಬೆರಳಿಟ್ಟರು. ಕೆಚ್ಚಲಿನ ಆಳ, ನಾಲ್ಕು. ನಾಲ್ಕರ ಪಕ್ಕದಲ್ಲಿ ಸಣ್ಣದೊಂದು ಟಿಕ್. ಅವರು ಯಾವುದಾದರೂ ಅಂಕವನ್ನು ಮತ್ತೆ ಕೇಳಿದರೆ, ಓದಿ ಹೇಳಿ, ಪಕ್ಕದಲ್ಲಿ ಟಿಕ್ ಹಾಕುವುದು ನನ್ನ ರೂಢಿ. ಬೇರೆ ಯಾವ ಸಾಲಿನಲ್ಲೂ ಟಿಕ್ ಇರಲಿಲ್ಲ.

"ನೀನು 'ನಾಲ್ಕು ಮೇಡಂ' ಅಂದೆ. ಅದನ್ನ ಕೇಳಿಸ್ಕೊಂಡು ಇನ್ನೊಂದು ಹೆಜ್ಜೆ ಹಿಂದೆ ಇಟ್ಟೆ" ಎಂದರು.

ಆಗ ಕೇಳಿಸಿತು. ಮೂರು ವಾರದಿಂದ ಮೂಕವಾಗಿದ್ದ ಆ ಬೆಳಗಿನಲ್ಲಿ ಮೊದಲು ಅವರ ದನಿ, ಆಮೇಲೆ ನನ್ನದು. ನಾಲ್ಕು ಮೇಡಂ. ನಾನು ಸುಮ್ಮನೆ ಕಾಗದ ನೋಡುತ್ತಿರಲಿಲ್ಲ. ಅವರಿಗೆ ಉತ್ತರ ಕೊಡುತ್ತಿದ್ದೆ.

"ಬರಿ" ಎಂದರು ಮೇಡಂ. "ಬರೆದು ಸಹಿ ಹಾಕು."

ನಾಲ್ಕನೆಯದನ್ನು ಬರೆದೆ. ಮೂರನೆಯದನ್ನು ಅವರು ಹೊಡೆದು ಹಾಕಿಸಲಿಲ್ಲ. ಹಾಕಿಸಬಹುದು ಎಂದು ನಾನೂ ಕಾಯಲಿಲ್ಲ. ನನ್ನ ತಪ್ಪು ಅಲ್ಲೇ ಇತ್ತು, ನನ್ನದೇ ಕೈಬರಹದಲ್ಲಿ, ಪೂರ್ತಿ ಒಂದು ಪುಟದಲ್ಲಿ ಎರಡು ಸಣ್ಣ ವಾಕ್ಯಗಳಷ್ಟು. ಅದಕ್ಕಿಂತ ದೊಡ್ಡದಾಗಿರಲಿಲ್ಲ.

ಸುಬೇದಾರರು ಕಾಫಿ ತಂದರು. ಎರಡು ಲೋಟ ಕುಡಿದೆ. ಮೆಟ್ರೋದಲ್ಲಿ ನಿಂತುಕೊಂಡೇ ತೂಕಡಿಸಿ ನಮ್ಮ ಸ್ಟೇಷನ್ ದಾಟಿ ಹೋಗಿ ಮತ್ತೆ ಹಿಂದೆ ಬಂದೆ. ಊಟ ಮಾಡಿದ್ದು ನೆನಪಿದೆ, ಮಲಗಿದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಅಮ್ಮ ನನ್ನ ಮೂಗಿನ ಕೆಳಗೆ ಬೆರಳು ಹಿಡಿದುಕೊಂಡು ಬಗ್ಗಿ ನಿಂತಿದ್ದಳು. ಕಿಟಕಿಯ ತುಂಬ ಬಿಸಿಲು.

"ಏನಮ್ಮಾ?"

"ಏನಿಲ್ಲ, ಉಸಿರಾಡ್ತಿದೀಯಾ ಅಂತ ನೋಡ್ದೆ. ಹತ್ತೂವರೆ ಆಯ್ತು ಕಣೋ" ಎಂದಳು.